ಒಂದೇ ಮೈದಾನ, ಹಲವು ಆಟ

ಐರ್ಲೆಂಡಿನ ಹಳ್ಳಿಗಳ ಗೇಲಿಕ್ ಕ್ಲಬ್ಬುಗಳಲ್ಲಿ ಮಕ್ಕಳು ಗೇಲಿಕ್ ಫುಟ್‌ಬಾಲ್ ಆಡಿದ ಮೈದಾನಕ್ಕೇ ದೊಡ್ಡವರು ಆ್ಯಶ್ ಮರದ ಕೋಲು ಹಿಡಿದು ಹರ್ಲಿಂಗ್‌ಗೆ ಇಳಿಯುತ್ತಾರೆ. ಈ ಕ್ಲಬ್ಬುಗಳನ್ನು ಒಗ್ಗೂಡಿಸುವ, 1884ರಲ್ಲಿ ಹುಟ್ಟಿದ ಸಂಘಟನೆಯ ಆಟಗಾರರಿಗೆ ಇಂದಿಗೂ ಸಂಬಳವಿಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಫೈನಲ್ ಗೆದ್ದ ಮೇಷ್ಟರೂ ಮತ್ತೆ ಪಾಠಕ್ಕೆ ಹೋಗಲೇಬೇಕು. ದುಡ್ಡಿಲ್ಲದಿದ್ದರೆ ಆಟದ ಮಟ್ಟ ಕುಸಿಯುತ್ತದೆ ಎನ್ನುವವರಿಗೆ, ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಕಿಕ್ಕಿರಿಯುವ ಅಲ್ಲಿನ ಗ್ಯಾಲರಿಗಳೇ ಉತ್ತರ. ಒಂದೇ ಮೈದಾನದಲ್ಲಿ ಒಂದು ಆಟ ಇನ್ನೊಂದನ್ನು ನುಂಗುವುದಿಲ್ಲವೇ? ನುಂಗುತ್ತದೆ, ಸುಳ್ಳಲ್ಲ, ಎಷ್ಟೋ ಕಡೆ ಫುಟ್‌ಬಾಲಿನ ಅಬ್ಬರಕ್ಕೆ ಹರ್ಲಿಂಗ್ ಸೊರಗಿದೆ. ಹೆಣ್ಣುಮಕ್ಕಳ ಹರ್ಲಿಂಗ್ ಆದ ಕಮೋಗಿಗೆ ಬಹುಕಾಲದಿಂದ ಬೇರೆಯೇ ಸಂಸ್ಥೆ, ಮೈದಾನಕ್ಕಾಗಿ ಅವರದೇ ತಕರಾರು. ಆದರೆ ಕ್ಲಬ್ಬು ಊರಿನದಾದ್ದರಿಂದ ಈ ಜಗಳವೆಲ್ಲ ಸದಸ್ಯರ ಸಭೆಯಲ್ಲಿ, ಎದುರುಬದುರು ಕೂತು ನಡೆಯುತ್ತದೆ; ಬಂಡವಾಳ ಹೂಡಿದ ಯಾವನೋ ಮಾಲೀಕ ಒಂದು ತಂಡವನ್ನು ರಾತ್ರೋರಾತ್ರಿ ಮುಚ್ಚಿಬಿಡಲಾರ.