ವೇಪ್ ಸೇಫ್ ಅಂತಾರೆ, ಯಾವುದಕ್ಕೆ ಹೋಲಿಸಿ?

 

ಇವತ್ತಿನ ವಿಷಯ ಬಂದಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದ್ದು ಸೆಕೆಂಡ್ ಪಿಯುಸಿ ಹುಡುಗ, ಹೆಸರು ಬೇಡ. "ಅಕ್ಕಾ, ನಾನು ಇವತ್ತಿನವರೆಗೂ ಒಂದು ಸಿಗರೇಟೂ ಸೇದಿಲ್ಲ, ಬರೀ ವೇಪ್. ಫಾರಿನ್‌ನಲ್ಲಿ ಸಿಗರೇಟ್ ಬಿಡೋಕೆ ಇದನ್ನೇ ಕೊಡ್ತಾರಂತೆ. ಹಾಗಾದ್ರೆ ಸೇಫೇ ಅಲ್ವಾ? ಆದ್ರೆ ಕ್ಲಾಸಲ್ಲಿ ಒಂದು ಗಂಟೆ ಕೂರೋಕೂ ಆಗ್ತಿಲ್ಲ." ಪ್ರಶ್ನೆಗಿಂತ ಆ ಕೊನೇ ಮಾತೇ ಮುಖ್ಯ.

ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವಳು. ಆದ್ರೆ ಕಾಮರ್ಸ್‌ನಲ್ಲಿ ಒಂದು ವಿಷಯ ಚೆನ್ನಾಗಿ ಕಲಿಸ್ತಾರೆ. ಲಾಭ ಹೆಚ್ಚಾಯ್ತು ಅಂತ ಯಾರಾದ್ರೂ ಹೇಳಿದ್ರೆ, "ಯಾವ ವರ್ಷಕ್ಕೆ ಹೋಲಿಸಿ?" ಅಂತ ಮೊದಲು ಕೇಳಬೇಕು. ವೇಪ್ ಸೇಫ್ ಅನ್ನೋರನ್ನೂ ಹಾಗೇ ಕೇಳೋಣ. ಯಾವುದಕ್ಕೆ ಹೋಲಿಸಿ ಸೇಫ್?

ಮೊದಲು, ಅವನು ಹೇಳಿದ್ದರಲ್ಲಿ ನಿಜ ಇರೋ ಭಾಗ. ಬ್ರಿಟನ್‌ನಲ್ಲಿ 886 ಜನ ವಯಸ್ಕರ ಮೇಲೆ ಒಂದು ಪ್ರಯೋಗ ನಡೀತು, 2019ರಲ್ಲಿ ಫಲಿತಾಂಶ ಬಂತು. ಎಲ್ಲರೂ ಸಿಗರೇಟ್ ಬಿಡೋಕೆ ಬಂದಿದ್ದವರು. ಒಂದು ವರ್ಷದ ನಂತರ, ಇ-ಸಿಗರೇಟ್ ಪಡೆದವರಲ್ಲಿ ಶೇ 18ರಷ್ಟು ಜನ ಸಿಗರೇಟ್ ಬಿಟ್ಟಿದ್ರು. ನಿಕೋಟಿನ್ ಪ್ಯಾಚ್, ಗಮ್ ಥರದ್ದು ಪಡೆದವರಲ್ಲಿ ಶೇ 9.9. ಹತ್ತಿರ ಹತ್ತಿರ ಎರಡು ಪಟ್ಟು. ಸಿಗರೇಟ್‌ನಲ್ಲಿ ತಂಬಾಕು ಉರಿಯುತ್ತೆ, ಟಾರ್ ಬರುತ್ತೆ. ವೇಪ್‌ನಲ್ಲಿ ಅದಿಲ್ಲ. ಹಾಗಾಗಿ ಇಪ್ಪತ್ತು ವರ್ಷದಿಂದ ಸಿಗರೇಟ್ ಸೇದ್ತಿರೋ ಒಬ್ಬರು ಪೂರ್ತಿ ವೇಪ್‌ಗೆ ಬದಲಾದ್ರೆ ಅಪಾಯ ಕಡಿಮೆ ಆಗುತ್ತೆ.

ಆದ್ರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಇ-ಸಿಗರೇಟ್ ಹಿಡಿದು ಸಿಗರೇಟ್ ಬಿಟ್ಟವರಲ್ಲಿ ಶೇ 80 ಜನ ವರ್ಷದ ನಂತರವೂ ಇ-ಸಿಗರೇಟ್ ಸೇದ್ತಾನೇ ಇದ್ರು. ಸಿಗರೇಟ್ ಹೋಯ್ತು, ನಿಕೋಟಿನ್ ಉಳೀತು.

ಈಗ ನಮ್ಮ ಹುಡುಗನಿಗೆ ಬನ್ನಿ. ಅವನು ಬಿಡೋಕೆ ಸಿಗರೇಟೇ ಇಲ್ಲ! ಅವನ ಹೋಲಿಕೆ ಸಿಗರೇಟ್ ಹೊಗೆ ಜೊತೆ ಅಲ್ಲ, ಬರೀ ಗಾಳಿ ಜೊತೆ. ಲೆಕ್ಕ ಅಲ್ಲೇ ಬದಲಾಗೋದು.

ಈ ಲೆಕ್ಕ ತಪ್ಪಿದ್ರೆ ಏನಾಗುತ್ತೆ ಅನ್ನೋದನ್ನ ಅಮೆರಿಕ ನೋಡಿದೆ. 2015ರಲ್ಲಿ ಜೂಲ್ ಮಾರುಕಟ್ಟೆಗೆ ಬಂತು. ನೋಡೋಕೆ ಪೆನ್ ಡ್ರೈವ್ ಥರ. ಅದರಲ್ಲಿ ಬಳಸಿದ್ದು ನಿಕೋಟಿನ್ ಸಾಲ್ಟ್, ಗಂಟಲು ಉರಿಯೋದು ಕಮ್ಮಿ. ಅಂದ್ರೆ ಹೆಚ್ಚು ನಿಕೋಟಿನ್ ಕೆಮ್ಮಿಲ್ಲದೆ ಒಳಗೆ ಹೋಗುತ್ತೆ. ಒಂದು ಪಾಡ್ ಅಂದ್ರೆ ಸುಮಾರು ಒಂದು ಪ್ಯಾಕ್ ಸಿಗರೇಟ್ ಅಂತ ಕಂಪನಿಯೇ ಹೇಳ್ತಿತ್ತು. 2017ರಲ್ಲಿ ಹೈಸ್ಕೂಲ್ ಮಕ್ಕಳಲ್ಲಿ ಶೇ 11.7 ಜನ ವೇಪ್ ಮಾಡ್ತಿದ್ರು, 2019ಕ್ಕೆ ಶೇ 27.5. ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ!

ದುಡ್ಡಿನ ಕಡೆ ನೋಡಿ. 2018ರ ಡಿಸೆಂಬರ್‌ನಲ್ಲಿ ಜೂಲ್‌ನ ಶೇ 35 ಪಾಲನ್ನ 1,280 ಕೋಟಿ ಡಾಲರ್ ಕೊಟ್ಟು ಕೊಂಡಿದ್ದು ಯಾರು? ಆಲ್ಟ್ರಿಯಾ. ಅಮೆರಿಕದಲ್ಲಿ ಮಾರ್ಲ್‌ಬೊರೊ ಮಾರೋ ಕಂಪನಿ. ಹಳೇ ಗಿರಾಕಿ ಎದ್ದು ಹೋದ್ರೂ ಅಂಗಡಿ ನಮ್ಮದೇ ಇರಲಿ ಅನ್ನೋ ಲೆಕ್ಕ, ಅಷ್ಟೇ.

ಹಾಗಾದ್ರೆ ವೇಪ್ ಮಾಡೋರೆಲ್ಲ ಸಿಗರೇಟ್‌ಗೆ ಹೋಗ್ತಾರಾ? ಇಲ್ಲಿ ಎರಡೂ ಕಡೆ ಹೇಳ್ಬೇಕು. ವೇಪ್ ಮಾಡೋ ಹದಿಹರೆಯದವರು ಮುಂದೆ ಸಿಗರೇಟ್ ಹಚ್ಚೋ ಸಾಧ್ಯತೆ ಹೆಚ್ಚು ಅಂತ ಹಲವು ಅಧ್ಯಯನಗಳು ತೋರಿಸಿವೆ. ಆದ್ರೆ ಅದೇ ಅಮೆರಿಕದ ಹೈಸ್ಕೂಲ್‌ಗಳಲ್ಲಿ ಸಿಗರೇಟ್ ಸೇದೋರು 2011ರಲ್ಲಿ ಶೇ 15.8 ಇದ್ದವರು 2024ಕ್ಕೆ ಶೇ 1.7ಕ್ಕೆ ಇಳಿದ್ರು. ಸಿಗರೇಟ್‌ಗೆ ಹೋಗಲೇಬೇಕು ಅಂತೇನಿಲ್ಲ. ಆದ್ರೆ ಹೋಗದಿದ್ರೂ ನಿಕೋಟಿನ್ ಚಟ ಚಟವೇ. ಮೆದುಳು ಸುಮಾರು ಇಪ್ಪತ್ತೈದರವರೆಗೆ ಬೆಳೀತಾನೇ ಇರುತ್ತೆ, ಗಮನ ಮತ್ತು ಕಲಿಕೆ ಮೇಲೆ ನಿಕೋಟಿನ್ ಪೆಟ್ಟು ಕೊಡುತ್ತೆ. ಕ್ಲಾಸಲ್ಲಿ ಕೂರೋಕೆ ಆಗದೇ ಇರೋದು ನಿಕೋಟಿನ್ ಕೇಳ್ತಿರೋ ಮೆದುಳಿನ ಲಕ್ಷಣ ಇರಬಹುದು.

"ನಮ್ಮಲ್ಲಿ ಬ್ಯಾನ್ ಅಲ್ವಾ?" ಅಂತೀರಾ. ಹೌದು, ಕರ್ನಾಟಕದಲ್ಲಿ 2016ರಲ್ಲೇ, ದೇಶಕ್ಕೆಲ್ಲ 2019ರಲ್ಲಿ. ಮಾರಿ ಮೊದಲ ಸಲ ಸಿಕ್ಕಿಬಿದ್ರೆ ಒಂದು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಆದ್ರೂ ಕದ್ದುಮುಚ್ಚಿ ಸಿಗುತ್ತೆ, ನಿಮಗೆ ಗೊತ್ತು. ಕಳ್ಳಮಾಲಿನ ಡಬ್ಬಿ ಮೇಲೆ ಬರೆದಿರೋ ನಿಕೋಟಿನ್ ಪ್ರಮಾಣ ನಿಜಾನಾ ಅಂತ ಯಾರು ನೋಡ್ತಾರೆ?

ಈಗ ಬಿಡೋದು ಹೇಗೆ? ಒಳ್ಳೇ ಸುದ್ದಿ ಇದೆ. ಅಮೆರಿಕದಲ್ಲಿ 13ರಿಂದ 17 ವಯಸ್ಸಿನವರಿಗೆ ಬರೀ ಫೋನ್ ಮೆಸೇಜ್ ಮೂಲಕ ಸಹಾಯ ಮಾಡಿ ನೋಡಿದ್ರು. 2024ರ ಫಲಿತಾಂಶದ ಪ್ರಕಾರ ಏಳು ತಿಂಗಳ ನಂತರ ಶೇ 37.8 ಜನ ವೇಪ್ ಬಿಟ್ಟಿದ್ರು, ಆ ಸಹಾಯ ಇಲ್ಲದವರಲ್ಲಿ ಶೇ 28. ಅಂದ್ರೆ ದಿನಾ ಯಾರೋ ಒಬ್ಬರು ವಿಚಾರಿಸಿದ್ರೂ ವ್ಯತ್ಯಾಸ ಆಗುತ್ತೆ.

ನಮ್ಮಲ್ಲೂ ದಾರಿ ಇದೆ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, 1800-11-2356. ದುಡ್ಡು ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಅದು ಪೊಲೀಸ್ ನಂಬರ್ ಅಲ್ಲ, ಸಮಾಲೋಚನೆ ನಂಬರ್. ಒಂದು ದಿನ ಗೊತ್ತು ಮಾಡ್ಕೊಳ್ಳಿ, ಡಿವೈಸ್ ಬಿಸಾಕಿ, ನಂಬೋ ಒಬ್ಬರಿಗೆ ಹೇಳಿ. ಮೊದಲ ಕೆಲವು ದಿನ ಸಿಟ್ಟು ಬರುತ್ತೆ, ನಿದ್ದೆ ಕೆಡುತ್ತೆ. ಕೆಲವು ವಾರದಲ್ಲಿ ತಗ್ಗುತ್ತೆ. ಆಸೆ ಬಂದಾಗ ಐದು ಹತ್ತು ನಿಮಿಷ ತಳ್ಳಿ, ನೀರು ಕುಡೀರಿ, ಎದ್ದು ಓಡಾಡಿ. "ವೇಪ್ ಬಿಡೋಕೆ ಸಿಗರೇಟ್ ಸೇದ್ತೀನಿ" ಅನ್ನೋ ಐಡಿಯಾ ಮಾತ್ರ ಬೇಡವೇ ಬೇಡ.

ಅಪ್ಪ ಅಮ್ಮಂದಿರು ಕೇಳ್ತಿದ್ರೆ ಒಂದು ಮಾತು: ಬ್ಯಾಗಲ್ಲಿ ವೇಪ್ ಸಿಕ್ಕಿದ್ರೆ ಮೊದಲು ಹೊಡೀಬೇಡಿ. "ಬಿಡೋಕೆ ಆಗ್ತಿದ್ಯಾ ಪುಟ್ಟಾ?" ಅಂತ ಕೇಳಿ. ಉತ್ತರ ಅಲ್ಲಿಂದ ಶುರುವಾಗುತ್ತೆ.

ಈ ಎಪಿಸೋಡ್ ಬೇಕಾಗಿರೋ ಒಬ್ಬ ಫ್ರೆಂಡ್ ನಿಮಗೆ ಖಂಡಿತ ಇರ್ತಾರೆ. ಗ್ರೂಪ್‌ಗೆ ಹಾಕಬೇಡಿ, ಅವರಿಗೊಬ್ಬರಿಗೇ ಕಳಿಸಿ. ಮುಂದಿನ ವಾರ ಸಿಗೋಣ.