ಚಮಚದ ಮೀನು, ಕೋಳಿ ಪುಕ್ಕದ ಬಾಲ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೂ, ಕಡಲ ದಂಡೆ ಕಲ್ಲಿನ ಮೇಲೆ ಗಾಳ ಹಿಡ್ಕೊಂಡು ಕೂತು ಕೇಳ್ತಿರೋರಿಗೂ ಸ್ವಾಗತ. ಇವತ್ತು ನಾನು ಮನೇಲಿ ಲೂರ್ ಮಾಡೋದು ಹೇಗೆ ಅಂತ ಹೇಳ್ತೀನಿ. ಲೂರ್ ಅಂದ್ರೆ ಎರೆ ಇಲ್ಲದ ಗಾಳ. ಹೊಳೆಯೋ ಲೋಹದ ತುಂಡು ನೀರಲ್ಲಿ ಓಲಾಡ್ತಾ ಹೋದ್ರೆ, ಪೆಟ್ಟು ಬಿದ್ದ ಸಣ್ಣ ಮೀನು ಅಂತ ದೊಡ್ಡ ಮೀನು ಮೋಸ ಹೋಗುತ್ತೆ. ಜೊತೆಗೆ ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ಹೇಳ್ತೀನಿ. ನೀವು ಅದನ್ನ ಮಾಡಬೇಡಿ ಅಂತಾನೇ ಈ ಎಪಿಸೋಡ್.

ನಮ್ಮೂರು ಕುಂದಾಪುರದ ಹತ್ತಿರ, ಗಂಗೊಳ್ಳಿ ಕಡೆ. ನಮ್ಮ ಮಾವ ದೋಣಿಯವರು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತಲ್ಲ, ಆ ಮಳೆಗಾಲದಲ್ಲಿ ಅವರು ಜಗಲಿ ಮೇಲೆ ಕೂತು ಬಲೆ ಸರಿ ಮಾಡ್ತಾರೆ. ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೆ. ಅಂಗಡಿಯಲ್ಲಿ ಒಂದು ಲೂರ್‌ಗೆ ನಾನೂರು, ಐನೂರು ರೂಪಾಯಿ. ಎರಡು ಸಲ ಬೀಸಿದ್ರೆ ಕಲ್ಲಿಗೆ ಸಿಕ್ಕಿ ಹೋಗುತ್ತೆ. ಸರಿ, ನಾನೇ ಮಾಡ್ತೀನಿ ಅಂದೆ.

ಶುರು ಮಾಡಿದ್ದು ಸೀಸದಿಂದ. ಹಳೇ ಬಲೆಯ ಸೀಸದ ಗುಂಡುಗಳು ಮನೆ ಹಿಂದೆ ಡಬ್ಬಿ ತುಂಬಾ ಇದ್ದವು. ಸೀಸ 327 ಡಿಗ್ರಿಗೇ ಕರಗುತ್ತೆ, ಒಲೆ ಸಾಕು. ಅಮ್ಮನ ಹಳೇ ಸೌಟಲ್ಲಿ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ತಿದ್ದೆ. ಒಂದು ದಿನ ಮರಳು ಸ್ವಲ್ಪ ಒದ್ದೆ ಇತ್ತು. ನೀರು ಒಂದೇ ಕ್ಷಣದಲ್ಲಿ ಆವಿಯಾಗಿ ಸೀಸ ಪಟ್ ಅಂತ ಹಾರಿತು. ಕಣ್ಣಿಗೆ ಬೀಳಲಿಲ್ಲ, ಅದೃಷ್ಟ. ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ನೆಲಕ್ಕೆ ಬಿದ್ದ ಹೊಳೆಯೋ ಹನಿಗಳನ್ನ ಆರಿಸಿ ಪೌಡರ್ ಡಬ್ಬಿಯಲ್ಲಿ ಇಟ್ಕೊಳ್ತಿದ್ದಳು. "ಅಪ್ಪಾ, ಇದು ನನ್ನ ಬೆಳ್ಳಿ." ಒಂದು ಸಂಜೆ ನೋಡಿದ್ರೆ ಅದರಲ್ಲೊಂದು ಅವಳ ಬಾಯಲ್ಲಿತ್ತು.

ಉಗುಳಿಸಿದೆ, ಬಾಯಿ ತೊಳೆಸಿದೆ, ಕುಂದಾಪುರಕ್ಕೆ ಕರ್ಕೊಂಡು ಓಡಿದೆ. ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು. ರಿಪೋರ್ಟ್ ಬರೋಕೆ ನಾಲ್ಕು ದಿನ. ಆ ನಾಲ್ಕು ದಿನ ನಾನು ಅವಳ ಮುಖ ನೋಡಿ ಮಾತಾಡಿಲ್ಲ. ಬಂದ ಸಂಖ್ಯೆ 7. ಒಂದು ಡೆಸಿಲೀಟರ್ ರಕ್ತದಲ್ಲಿ 7 ಮೈಕ್ರೋಗ್ರಾಂ. 5 ಅಥವಾ ಅದಕ್ಕಿಂತ ಹೆಚ್ಚಿದ್ರೆ ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕಿ ಅದನ್ನ ತೆಗೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ. ಅದು ಹೋಗೋದು ನೇರ ಬೆಳೆಯೋ ಮಿದುಳಿಗೆ.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಮನೇಲಿ ಸೀಸ ಎಲ್ಲಿದೆ?" ನನ್ನ ಕೈಯಲ್ಲಿತ್ತು, ಅಂಗಿಯಲ್ಲಿತ್ತು, ಹಿತ್ತಲ ಮಣ್ಣಲ್ಲಿತ್ತು. ಆ ಕೈಯಲ್ಲೇ ನಾನು ಅವಳಿಗೆ ಅನ್ನ ಕಲಸಿ ಕೊಡ್ತಿದ್ದೆ. ಸೌಟು, ಡಬ್ಬಿ, ಗುಂಡು ಎಲ್ಲ ಹೊರಗೆ ಹೋಯ್ತು. ಹಿತ್ತಲ ಮೇಲ್ಮಣ್ಣು ತೆಗೆಸಿದೆ. ಕಬ್ಬಿಣದ ಅಂಶ, ಕ್ಯಾಲ್ಸಿಯಂ ಇರೋ ಊಟ ಜಾಸ್ತಿ ಕೊಟ್ವಿ. ಮೂರು ತಿಂಗಳ ನಂತರ ಪರೀಕ್ಷೆ ಮಾಡಿಸಿದಾಗ 4ಕ್ಕಿಂತ ಕೆಳಗೆ ಬಂದಿತ್ತು. ಆಮೇಲೆ ಓದಿದೆ, ಬ್ರಿಟನ್‌ನಲ್ಲಿ ಹಂಸಗಳು ಸಾಯ್ತಿವೆ ಅಂತ ಗಾಳದ ಸಣ್ಣ ಸೀಸದ ಗುಂಡುಗಳನ್ನ 1987ರಲ್ಲೇ ನಿಷೇಧಿಸಿದ್ರು.

ಗಾಳ ಬಿಡ್ಲಾ ಅಂತ ಯೋಚಿಸ್ತಿದ್ದಾಗ ಅಮ್ಮ ಊಟದ ಚಮಚ ತಂದು ಮುಂದೆ ಇಟ್ರು. "ಇದ್ರಲ್ಲಿ ಮಾಡೋಕಾಗಲ್ವಾ?" ತಮಾಷೆ ಏನಂದ್ರೆ, ಸ್ಪೂನ್ ಲೂರ್ ಬಗ್ಗೆ ಹೇಳೋ ಕಥೆಯೇ ಚಮಚದ್ದು. ಅಮೆರಿಕದ ಜೂಲಿಯೋ ಬ್ಯೂಯೆಲ್ ಅನ್ನೋರ ಕೈಯಿಂದ ಚಮಚ ಕೆರೆಗೆ ಬಿತ್ತಂತೆ, ಅದು ಓಲಾಡ್ತಾ ಮುಳುಗುವಾಗ ಮೀನು ಬಂದು ಬಾಯಿ ಹಾಕಿತಂತೆ. ಕಥೆ ನಿಜವೋ ಸುಳ್ಳೋ, ಅವರು 1852ರಲ್ಲಿ ಪೇಟೆಂಟ್ ತಗೊಂಡಿದ್ದು ನಿಜ.

ಈಗ ಮಾಡೋ ವಿಧಾನ. ಒಂದು ದಪ್ಪ ಸ್ಟೀಲ್ ಚಮಚ ತಗೊಳ್ಳಿ. ವೈಸ್‌ಗೆ ಕಚ್ಚಿಸಿ, ಕುತ್ತಿಗೆ ಹತ್ರ ಹ್ಯಾಕ್ಸಾದಲ್ಲಿ ಹಿಡಿ ಕತ್ತರಿಸಿ. ಕಣ್ಣಿಗೆ ಗಾಗಲ್ ಕಡ್ಡಾಯ. ಅಂಚನ್ನ ಅರದಿಂದ ಉಜ್ಜಿ ನುಣುಪು ಮಾಡಿ, ಇಲ್ಲಾಂದ್ರೆ ದಾರ ಕೊಯ್ಯುತ್ತೆ. ಎರಡೂ ತುದಿಯಿಂದ ನಾಲ್ಕೈದು ಮಿಲಿಮೀಟರ್ ಒಳಗೆ ಪಂಚ್‌ನಿಂದ ಗುರುತು ಹೊಡೆದು 3 ಮಿಲಿಮೀಟರ್ ತೂತು ಕೊರೀರಿ. ಸ್ಟೀಲ್‌ಗೆ ಡ್ರಿಲ್ ನಿಧಾನ ತಿರುಗಬೇಕು, ಒತ್ತಿ ಹಿಡೀಬೇಕು, ಒಂದು ಹನಿ ಎಣ್ಣೆ ಬೇಕು. ಜೋರಾಗಿ ಓಡಿಸಿದ್ರೆ ಸ್ಟೀಲ್ ಬಿಸಿಯಾಗಿ ಇನ್ನೂ ಗಟ್ಟಿಯಾಗುತ್ತೆ, ಬಿಟ್ ಸುಟ್ಟು ಹೋಗುತ್ತೆ. ನಾನು ಮೂರು ಬಿಟ್ ಸುಟ್ಟ ಮೇಲೆ ಕಲಿತೆ. ಹಿತ್ತಾಳೆ ಚಮಚ ಸಿಕ್ಕಿದ್ರೆ ಕೆಲಸ ಸುಲಭ.

ಎರಡೂ ತೂತಿಗೆ ಸ್ಪ್ಲಿಟ್ ರಿಂಗ್ ಹಾಕಿ. ಸಪೂರ ತುದಿಗೆ ದಾರ, ಅಗಲ ತುದಿಗೆ ಗಾಳ. ದಾರಕ್ಕೂ ಚಮಚಕ್ಕೂ ಮಧ್ಯೆ ಸ್ವಿವೆಲ್ ಇರಲಿ, ದಾರ ಹುರಿ ಹೋಗಲ್ಲ. ನನ್ನದು ತೂಗಿದ್ರೆ 14 ಗ್ರಾಂ ಬಂತು. ನೀರಿನ ತೊಟ್ಟಿಯಲ್ಲಿ ಎಳೆದು ನೋಡಿ. ಆ ಕಡೆ ಈ ಕಡೆ ಓಲಾಡಬೇಕು. ಬುಗುರಿ ಥರ ಸುತ್ತಿದ್ರೆ ನಿಧಾನಕ್ಕೆ ಎಳೀರಿ, ಆದ್ರೂ ಸುತ್ತಿದ್ರೆ ಬಾಗು ಸ್ವಲ್ಪ ಕಮ್ಮಿ ಮಾಡಿ. ಬಾಗು ಜಾಸ್ತಿ ಇದ್ರೆ ಅಗಲವಾಗಿ, ನಿಧಾನಕ್ಕೆ ಓಲಾಡುತ್ತೆ. ಚಪ್ಪಟೆ ಇದ್ರೆ ಬೇಗ ಬೇಗ ನಡುಗುತ್ತೆ.

ಇನ್ನು ಗಾಳದ ಅಲಂಕಾರ. ಕೋಳಿ ಅಂಗಡಿಯಿಂದ ಬಿಳೀ ಹುಂಜದ ಕುತ್ತಿಗೆ ಪುಕ್ಕ ತನ್ನಿ, ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗಾಳದ ಕಣ್ಣಿನ ಹಿಂದಿನಿಂದ ಬಾಗಿನ ತನಕ ನೈಲಾನ್ ದಾರ ಒತ್ತೊತ್ತಾಗಿ ಸುತ್ತಿ. ಅದರ ಮೇಲೆ ಆರೇಳು ಪುಕ್ಕ, ಎರಡೆಳೆ ಕೆಂಪು ಉಲ್ಲನ್ ಇಟ್ಟು ಬಿಗಿಯಾಗಿ ಕಟ್ಟಿ. ಕೊನೇ ಸುತ್ತುಗಳ ಅಡಿಯಲ್ಲಿ ಬೇರೆ ದಾರದ ಕುಣಿಕೆ ಇಟ್ಟು, ತುದಿಯನ್ನ ಅದರೊಳಗೆ ತೂರಿಸಿ, ಕುಣಿಕೆ ಎಳೆದ್ರೆ ತುದಿ ಒಳಗೆ ಸೇರ್ಕೊಳ್ಳುತ್ತೆ. ಗಂಟೇ ಬೇಡ. ಮೇಲೆ ಎರಡು ಕೋಟ್ ನೇಲ್ ಪಾಲಿಶ್.

ಪುಕ್ಕದಿಂದ ಆಗೋದೇನು? ಗಾಳ ಮುಚ್ಚುತ್ತೆ, ಬಾಲ ಆಡಿದ ಹಾಗೆ ಕಾಣುತ್ತೆ, ಮೀನು ಎಲ್ಲಿ ಕಚ್ಚಬೇಕು ಅನ್ನೋದಕ್ಕೆ ಗುರಿ ಸಿಗುತ್ತೆ. ಗಾಳದ ಬಾಗಿಗಿಂತ ಒಂದೂವರೆ ಸೆಂಟಿಮೀಟರ್‌ಗಿಂತ ಉದ್ದ ಬಿಡಬೇಡಿ. ಉದ್ದ ಆದ್ರೆ ಮೀನು ಬರೀ ಪುಕ್ಕ ಕಿತ್ಕೊಂಡು ಹೋಗುತ್ತೆ. ದಪ್ಪ ಆದ್ರೆ ಚಮಚದ ಓಲಾಟ ಸತ್ತೇ ಹೋಗುತ್ತೆ. ನನ್ನ ಮೊದಲನೇದು ಮದುವೆ ಹಾರದ ಹಾಗಿತ್ತು. ಮಾವ ಕೈಯಲ್ಲಿ ಹಿಡ್ಕೊಂಡು ನೋಡಿ ಹೇಳಿದ್ರು: "ಮಾಣಿ, ಮೀನಿಗೆ ಶೃಂಗಾರ ಬ್ಯಾಡ. ಓಡ್ಕಂಡ್ ಹೋಪ್ದ್ ಕಾಣ್ಕ್, ಅಷ್ಟೆ."

ಎರಡು ಮಾತು ಮರೀಬೇಡಿ. ಗಾಳದ ಮುಳ್ಳನ್ನ ಪಕ್ಕಡದಿಂದ ಒತ್ತಿ ಚಪ್ಪಟೆ ಮಾಡಿ. ಮಿನಿಕಾಯ್ ದ್ವೀಪದಲ್ಲಿ ಕೋಲಿನಿಂದ ಟ್ಯೂನಾ ಹಿಡಿಯೋರ ಗಾಳಕ್ಕೆ ಮುಳ್ಳೇ ಇರಲ್ಲ, ಆದ್ರೂ ದೋಣಿ ತುಂಬುತ್ತೆ. ನಿಮ್ಮ ಬೆರಳಿಗೆ ಚುಚ್ಚಿದ್ರೂ ಸಲೀಸಾಗಿ ಬರುತ್ತೆ. ಮುಳ್ಳಿರೋ ಗಾಳ ಆಳಕ್ಕೆ ಹೋಗಿದ್ರೆ ಎಳೀಬೇಡಿ, ಆಸ್ಪತ್ರೆಗೆ ಹೋಗಿ, ಟಿಟಿ ಹಾಕಿಸಿಕೊಳ್ಳಿ. ಇನ್ನೊಂದು, ಅಂಜಲ್ ಇರೋ ಕಡೆ ಲೂರ್ ಮುಂದೆ ಒಂದು ಗೇಣು ಸ್ಟೀಲ್ ವೈರ್ ಹಾಕಿ. ಅದರ ಹಲ್ಲು ಬ್ಲೇಡ್ ಥರ. ವೈರ್ ಹಾಕದೆ ನಾನು ಅಮ್ಮನ ಎರಡು ಚಮಚ ಕಳೆದೆ.

ಮೂರನೇದು ಕಳೀಲಿಲ್ಲ. ಅಕ್ಟೋಬರ್‌ನ ಒಂದು ಬೆಳಿಗ್ಗೆ, ಮಾವನ ದೋಣಿ ಹಿಂದೆ ಎಳ್ಕೊಂಡು ಹೋಗ್ತಿದ್ದಾಗ ದಾರ ಒಮ್ಮೆಲೇ ಬಿಗಿಯಾಯ್ತು. ಎರಡೂವರೆ ಕೆಜಿ ಅಂಜಲ್. ಮಾವ ಏನೂ ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಜಗಲಿ ಮೇಲೆ ಅವರ ಮನೆಯ ಆರು ಚಮಚ ಇಟ್ಟು ಹೋಗಿದ್ರು. ಅತ್ತೆಗೆ ಗೊತ್ತಾಗಿ ಎರಡು ವಾಪಸ್ ಕೊಡಬೇಕಾಯ್ತು, ಅದು ಬೇರೆ ಮಾತು.

ಮಗಳಿಗೆ ಈಗ ಏಳು. ಚೆನ್ನಾಗಿ ಓದ್ತಾಳೆ, ಚೆನ್ನಾಗಿ ಜಗಳ ಆಡ್ತಾಳೆ. ಪುಕ್ಕದ ಜೊತೆ ಯಾವ ಬಣ್ಣದ ಉಲ್ಲನ್ ಅಂತ ಆರಿಸೋದು ಅವಳೇ. ಆರಿಸೋ ಮುಂಚೆ, ಆರಿಸಿದ ಮೇಲೆ, ಇಬ್ಬರೂ ಸೋಪು ಹಾಕಿ ಕೈ ತೊಳೀತೀವಿ. ನಾನು ಮರೆತ್ರೆ ಅವಳು ನೆನಪಿಸ್ತಾಳೆ.

ನಿಮ್ಮ ಮನೇಲೂ ಹಳೇ ಸೀಸದ ಗುಂಡುಗಳ ಡಬ್ಬಿ ಇದ್ರೆ, ಮಕ್ಕಳ ಕೈಗೆ ಸಿಗದ ಹಾಗೆ ಇವತ್ತೇ ಎತ್ತಿಡಿ. ತುಂಡಾದ ನೈಲಾನ್ ದಾರವನ್ನ ದಂಡೆಲಿ ಬಿಟ್ಟು ಬರಬೇಡಿ, ಹಕ್ಕಿ ಕಾಲಿಗೆ ಸುತ್ಕೊಳ್ಳುತ್ತೆ.