ಸಾಲಿಗೆ ತಕ್ಕ ಗಾಲಿ



ಅಮೆರಿಕದ ಮೆಕ್ಕೆಜೋಳದ ನಾಡಿನಲ್ಲಿ ನೆಲೆಸಿರುವ ನಾವು ಉಕ್ಕಿನ ಗಾಲಿಯ ಹಳೆಯ ಟ್ರ್ಯಾಕ್ಟರುಗಳನ್ನು ಪ್ರದರ್ಶನಗಳಲ್ಲಿ ಕಂಡು ಬೆರಗಾಗುತ್ತೇವೆ. ಅವುಗಳ ಗಾಲಿಗಳ ನಡುವಣ ಅಂತರವನ್ನು ಗಮನಿಸುವುದು ಮಾತ್ರ ವಿರಳ.

ಕುದುರೆ ನಡೆಯಲೆಂದು ಇಲ್ಲಿನ ರೈತರು ಸಾಲುಗಳ ನಡುವೆ ಸುಮಾರು 40 ಅಂಗುಲ ಬಿಡುತ್ತಿದ್ದರು. ನಮ್ಮ ಕಡೆ ಎಡೆಕುಂಟೆ ಎಳೆಯುವ ಎತ್ತುಗಳಂತೆ ಟ್ರ್ಯಾಕ್ಟರಿನ ಗಾಲಿಯೂ ಪೈರನ್ನು ತುಳಿಯದೆ ಸಾಗಬೇಕು. 1924ರಲ್ಲಿ ಬಂದ ಫಾರ್ಮಾಲ್ ಎಡೆಬೇಸಾಯಕ್ಕೆ ಯಂತ್ರವನ್ನು ಒಗ್ಗಿಸಿತು. ಆದರೆ ಬೆಳೆ ಬದಲಾದಂತೆ ಸಾಲಿನ ಅಂತರವೂ ಬದಲಾಗುತ್ತದೆ. 1934ರ ಜಾನ್ ಡಿಯರ್ 'ಎ' ಮಾದರಿಯಲ್ಲಿ ಹಿಂದಿನ ಗಾಲಿಗಳನ್ನು ಗೀರುಗಳುಳ್ಳ ಇರುಸಿನ ಮೇಲೆ ಒಳಕ್ಕೂ ಹೊರಕ್ಕೂ ಸರಿಸಬಹುದಾಗಿತ್ತು.

ಈ ಕೆಲಸಕ್ಕೆ ಗಟ್ಟಿಯಾದ ಸಮನೆಲ ಬೇಕು. ಉಳಿದ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಇರುಸನ್ನು ಜಾಕ್‌ನಿಂದ ಎತ್ತಿ, ಅದರಡಿಗೆ ಮರದ ದಿಮ್ಮಿಗಳನ್ನು ಭದ್ರವಾಗಿ ಇರಿಸಬೇಕು. ಬಳಿಕ ಬೋಲ್ಟುಗಳನ್ನು ಸಡಿಲಿಸಿ, ತುಕ್ಕು ತೆಗೆದು, ಎರಡೂ ಗಾಲಿಗಳನ್ನು ಸಮನಾಗಿ ಸರಿಸಿ ಬಿಗಿಯಬೇಕು. ಸ್ವಲ್ಪ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯುವುದು ಲೇಸು.

ವೈದ್ಯರಾದ ನಮಗೆ ಇನ್ನೊಂದು ಚಿಂತೆಯಿದೆ. ಅಮೆರಿಕದ ಹೊಲಗಳಲ್ಲಿ ಸಂಭವಿಸುವ ಮರಣಗಳಿಗೆ ಟ್ರ್ಯಾಕ್ಟರ್ ಮಗುಚುವುದೇ ಬಹುಮುಖ್ಯ ಕಾರಣ. ಗಾಲಿಗಳು ಹತ್ತಿರವಾದಷ್ಟೂ ಇಳಿಜಾರಿನಲ್ಲಿ ಪಕ್ಕಕ್ಕೆ ಉರುಳುವ ಅಪಾಯ ಹೆಚ್ಚು. ಈ ಹಳೆಯ ಯಂತ್ರಗಳಲ್ಲಿ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟೂ ಇಲ್ಲ. ಆದ್ದರಿಂದ ಸಾಲು ಬೇಡಿದಷ್ಟೇ ಕಿರಿದು ಮಾಡೋಣ. ಪ್ರದರ್ಶನದಲ್ಲಿ ಓಡಿಸುವಾಗ ಅಗಲವಾಗಿಯೇ ಇರಿಸೋಣ.